ಹೊಸ ಸೆಮಿಸ್ಟರ್ ಶುರು: ರೇರ್ ಬುಕ್ಸ್ ಕೋಣೆಗೆ ಬರಲು ಯಾಕಿಷ್ಟು ಹೆದರಿಕೆ?

ಮೂರನೇಮಹಡಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ರೇರ್ ಬುಕ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ಯಾವ ವಿವಿ ಅಂತ ಇಲ್ಲಿ ಬೇಡ. ಹೇಳಿದರೆ ನಾನು ಬರೆದಿದ್ದೆಲ್ಲ ಸುತ್ತೋಲೆ ಆಗಿಬಿಡುತ್ತದೆ.

ಹೊಸ ಸೆಮಿಸ್ಟರ್ ಶುರುವಾಗಿದೆ. ಕೆಳಗಿನ ರೀಡಿಂಗ್ ಹಾಲ್‌ನಲ್ಲಿ ಕಾಲಿಡಲು ಜಾಗ ಇಲ್ಲ. ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವವರು ಬೆಳಿಗ್ಗೆಯೇ ನೀರಿನ ಬಾಟಲಿ ಇಟ್ಟು ಸೀಟು ಹಿಡಿಯುತ್ತಾರೆ. ಮೇಲೆ ನನ್ನ ಕೋಣೆಯಲ್ಲಿ ಆರು ಕುರ್ಚಿ, ಆರೂ ಖಾಲಿ. ಅಪ್ಪಿತಪ್ಪಿ ಹತ್ತಿ ಬಂದವರು ಬಾಗಿಲಲ್ಲೇ ನಿಂತು "ಪಿಎಚ್‌ಡಿಯವರಿಗೆ ಮಾತ್ರ ಅಲ್ವಾ ಮೇಡಂ?" ಅನ್ನುತ್ತಾರೆ. ಅಲ್ಲ. ಐಡಿ ಕಾರ್ಡ್ ಇದ್ದರೆ ಸಾಕು. ಬಿಎ ಮೊದಲ ವರ್ಷದವರೂ ಬರಬಹುದು.

ಏನಿದೆ ಅಂತ ಕೇಳುತ್ತೀರಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ಕಿಟ್ಟೆಲ್ ನಿಘಂಟಿನ ಮೊದಲ ಮುದ್ರಣ ಇದೆ. ರೈಸ್ ಸಾಹೇಬರು ಶಾಸನಗಳನ್ನು ಸಂಗ್ರಹಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ ದಪ್ಪ ಸಂಪುಟಗಳಿವೆ. ಮೈಸೂರು ಸಂಸ್ಥಾನದ ಕಾಲದ ಶಾಲಾ ಪಠ್ಯಗಳು, ನಿಂತುಹೋದ ಪತ್ರಿಕೆಗಳು, ಒಂದಷ್ಟು ಓಲೆಗರಿ ಕಟ್ಟು. ಒಂದು ಕಡತವೂ ಇದೆ. ಆಫೀಸಿನ ಫೈಲು ಅಲ್ಲ, ನಿಜವಾದ ಹಳೇ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬಿಚ್ಚಿದರೆ ಮೇಜಿನ ಉದ್ದಕ್ಕೂ ಬರುತ್ತದೆ. ಲೆಕ್ಕ ತಪ್ಪಿದರೆ ಒರೆಸಿ ಮತ್ತೆ ಬರೆದದ್ದೂ ಕಾಣುತ್ತದೆ.

ನಿಯಮ ಜಾಸ್ತಿ ಇಲ್ಲ. ಬ್ಯಾಗು ಹೊರಗೆ. ಪೆನ್ನು ಒಳಗೆ ಬರುವ ಹಾಗಿಲ್ಲ, ಪೆನ್ಸಿಲ್ ನಾನೇ ಕೊಡುತ್ತೇನೆ. ಕಾಫಿ, ಚಿಪ್ಸ್ ಕೆಳಗೇ ಮುಗಿಸಿ ಬನ್ನಿ. ಫೋನಲ್ಲಿ ಫೋಟೋ ತೆಗೆಯಬಹುದು, ಫ್ಲಾಶ್ ಬೇಡ. ಜೆರಾಕ್ಸ್ ಮಾತ್ರ ಇಲ್ಲ. ಹಳೇ ಬೈಂಡನ್ನು ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿಯುತ್ತದೆ. ಬೇರೆ ಏನಿದ್ದರೂ ಇಲ್ಲೇ ಕೇಳಿ.

ಮಾಗಡಿರೋಡ್_ಎಂಎ

ಮೇಡಂ, ನಾನು ಕನ್ನಡ ಎಂಎ ಮೊದಲ ಸೆಮಿಸ್ಟರ್. ಹೆದರಿಕೆ ಅಂತಲ್ಲ, ಒಳಗೆ ಬಂದು ಏನು ಕೇಳಬೇಕು ಅಂತಲೇ ಗೊತ್ತಿಲ್ಲ. ಕೆಳಗಾದರೆ ಕಪಾಟಿನ ಮುಂದೆ ನಿಂತು ಎಳೆದು ನೋಡಬಹುದು. ಮೇಲೆ ಚೀಟಿ ಬರೆದು ಕೊಡಬೇಕು ಅಂತಾರೆ. ಪುಸ್ತಕದ ಹೆಸರೇ ಗೊತ್ತಿಲ್ಲದಿದ್ದರೆ ಚೀಟೀಲಿ ಏನು ಬರೆಯಲಿ?

ಮೂರನೇಮಹಡಿ

ಒಳ್ಳೇ ಪ್ರಶ್ನೆ. ಹೆಸರು ಬೇಡ, ವಿಷಯ ಹೇಳಿ. "1900ರ ಸುಮಾರಿನ ಅಡುಗೆ ಪುಸ್ತಕ ಏನಾದರೂ ಇದೆಯಾ", "ಹಳೇ ಬೆಂಗಳೂರಿನ ಪ್ಲೇಗ್ ಬಗ್ಗೆ ಏನಿದೆ" ಅಂದರೆ ಸಾಕು. ಕಂಪ್ಯೂಟರ್ ಕ್ಯಾಟಲಾಗಿನಲ್ಲಿ ಇಲ್ಲದ್ದು ನಮ್ಮ ಹಳೇ ಅಕ್ಸೆಷನ್ ರಿಜಿಸ್ಟರ್‌ನಲ್ಲಿ ಇರುತ್ತದೆ. ಕೈಬರಹದ ದಪ್ಪ ಪುಸ್ತಕ. ಲೈಬ್ರರಿಗೆ ಯಾವ ಪುಸ್ತಕ ಯಾವತ್ತು ಬಂತು, ಎಷ್ಟು ಕೊಟ್ಟರು, ಯಾರು ದಾನ ಮಾಡಿದರು, ಎಲ್ಲ ಸಾಲಾಗಿ ಬರೆದಿರುತ್ತದೆ. ಸುಮ್ನೆ ಅದನ್ನೇ ಒಂದು ಮಧ್ಯಾಹ್ನ ತಿರುವಿ. ಏನು ಕೇಳಬೇಕು ಅಂತ ತಾನಾಗಿ ಹೊಳೆಯುತ್ತದೆ.

ಸ್ಕ್ಯಾನ್_ಹುಡುಗ

ಬೇಜಾರು ಮಾಡ್ಕೋಬೇಡಿ ಮೇಡಂ, ಒಂದು ನೇರ ಪ್ರಶ್ನೆ. ನಾನು ವಾರಾಂತ್ಯದಲ್ಲಿ ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಮಾಡುವ ಸ್ವಯಂಸೇವಕರ ಜೊತೆ ಕೆಲಸ ಮಾಡುತ್ತೇನೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಇವತ್ತು ಸಾವಿರಾರು ಕನ್ನಡ ಪುಸ್ತಕ ಪುಕ್ಕಟೆ ಸಿಗುತ್ತವೆ. ರಾಯಚೂರಿನ ಹುಡುಗಿ ರಾತ್ರಿ ಹನ್ನೊಂದಕ್ಕೆ ಮನೆಯಲ್ಲೇ ಕೂತು ಓದಬಹುದು. ಅವಳಿಗೆ ನಿಮ್ಮ ಮೂರನೇ ಮಹಡಿ ಎಟುಕುತ್ತದಾ? ಐಡಿ ಕಾರ್ಡ್, ಬ್ಯಾಗ್ ಹೊರಗೆ, ಸಂಜೆ ಐದಕ್ಕೆ ಬಾಗಿಲು ಬಂದ್. ಎಲ್ಲ ಸ್ಕ್ಯಾನ್ ಮಾಡಿ ಹಾಕಿದರೆ ಪುಸ್ತಕಕ್ಕೂ ಆಯಸ್ಸು, ಓದುಗರಿಗೂ ಸಲೀಸು. ಕೋಣೆ ತುಂಬಬೇಕು ಅಂತ ಯಾಕಿಷ್ಟು ಹಟ?

ಪಾಠದಮೇಷ್ಟ್ರು

ಸ್ಕ್ಯಾನ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಅರ್ಧ ಪಾಠ ನಡೆಯುವುದೇ ನಿಮ್ಮಂಥವರು ಹಾಕಿದ ಪಿಡಿಎಫ್‌ನಿಂದ. ಆದರೂ ನಾನು ಪ್ರತಿ ಸೆಮಿಸ್ಟರ್ ನನ್ನ ತರಗತಿಯನ್ನು ರೇರ್ ಬುಕ್ಸ್ ಕೋಣೆಗೆ ಕರೆದುಕೊಂಡು ಹೋಗುತ್ತೇನೆ. ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ.

ಹೋದ ಸಲ ಒಂದು ಸಣ್ಣ ಹಾಡಿನ ಪುಸ್ತಕ ಕೊಟ್ಟು "ಇದು ಯಾವ ಇಸವಿಯದು ಹೇಳಿ" ಅಂದೆ. ಆನ್‌ಲೈನ್‌ನಲ್ಲೂ ಅದೇ ಪುಸ್ತಕ ಇದೆ, ಅಲ್ಲಿ ಇಸವಿ 1965 ಅಂತ ಹಾಕಿದ್ದಾರೆ. ಮುಖಪುಟದಲ್ಲಿ ಇಂಗ್ಲಿಷ್ ಇಸವಿ ಇಲ್ಲವೇ ಇಲ್ಲ. "ವಿಶ್ವಾವಸು ಸಂ|| ಶ್ರಾವಣ" ಅಂತ ಮಾತ್ರ ಇದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2025ರ ಯುಗಾದಿಗೆ ಶುರುವಾಗಿದ್ದು ವಿಶ್ವಾವಸುವೇ. ಹಿಂದಕ್ಕೆ ಹೋದರೆ 1965, ಅದರ ಹಿಂದೆ 1905. ಯಾರೋ ಹತ್ತಿರದ್ದನ್ನು ಹಿಡಿದು 1965 ಅಂತ ಬರೆದಿದ್ದಾರೆ.

ಈಗ ಪುಸ್ತಕ ಕೈಯಲ್ಲಿ ಹಿಡಿದುಕೊಳ್ಳಿ. ಹಿಂದಿನ ಹೊದಿಕೆಯ ಒಳಬದಿಯಲ್ಲಿ ಪುಟ್ಟ ಅಕ್ಷರದಲ್ಲಿ "ಬೆಲೆ 6 ಆಣೆ, ಟಪಾಲು ವೆಚ್ಚ ಬೇರೆ." ನಮ್ಮ ದೇಶದಲ್ಲಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. 1965ರಲ್ಲಿ ಅಚ್ಚಾದ ಪುಸ್ತಕಕ್ಕೆ ಆಣೆಯಲ್ಲಿ ಬೆಲೆ ಹಾಕುವವರು ಯಾರು? ಅಲ್ಲಿಗೆ 1905 ಅಂತಾಯಿತು. 1845 ಯಾಕಲ್ಲ ಅಂತ ಒಬ್ಬ ಹುಡುಗ ಕೇಳಿದ. ಕೇಳಲೇಬೇಕಾದ ಪ್ರಶ್ನೆ. ಆಗ ಬೆಂಗಳೂರಿನಲ್ಲಿ ಅಚ್ಚಿನ ಮನೆಗಳೇ ಬೆರಳೆಣಿಕೆ, ಈ ಪುಸ್ತಕದ ಮೇಲೆ ಅವು ಯಾವುದರ ಹೆಸರೂ ಇಲ್ಲ.

ಆ ಸ್ಕ್ಯಾನ್‌ನಲ್ಲಿ ಹೊದಿಕೆಯ ಒಳಬದಿಯೇ ಇಲ್ಲ. "ಪಾಠ" ಇರುವ ಪುಟ ಸಾಕು ಅಂತ ಬಿಟ್ಟಿದ್ದಾರೆ. ಅರವತ್ತು ವರ್ಷ ವ್ಯತ್ಯಾಸ ಆಗಿದ್ದು ಆ ಒಂದು ಪುಟದಿಂದ.

ಅದೇ ಪುಟದಲ್ಲಿ ಆ ಅಂಗಡಿಯವರು ಮಾರುತ್ತಿದ್ದ ಬೇರೆ ಪುಸ್ತಕಗಳ ಪಟ್ಟಿಯೂ ಇತ್ತು. ಪಂಚಾಂಗ, ಯಕ್ಷಗಾನ ಪ್ರಸಂಗ, ಮಗ್ಗಿ ಪುಸ್ತಕ. ಜನ ಏನು ಓದುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನನ್ನ ಒಬ್ಬ ವಿದ್ಯಾರ್ಥಿನಿ ಆ ಪಟ್ಟಿಯ ಮೇಲೇ ಅಸೈನ್‌ಮೆಂಟ್ ಬರೆದಳು.

ಸ್ಕ್ಯಾನ್_ಹುಡುಗ

ಮೇಷ್ಟ್ರೇ, ಇದಕ್ಕೆ ಉತ್ತರ ಕೋಣೆ ತುಂಬಿಸುವುದಲ್ಲ, ಒಳ್ಳೇ ಸ್ಕ್ಯಾನ್ ಮಾಡುವುದು. ರಟ್ಟಿನಿಂದ ರಟ್ಟಿನವರೆಗೆ, ಖಾಲಿ ಪುಟ ಸೇರಿಸಿ ತೆಗೆಯಬೇಕು. ನಾವು ಈಗ ಹಾಗೇ ಮಾಡುತ್ತೇವೆ. ಆದರೆ ಆಣೆ ವಿಷಯ ಚೆನ್ನಾಗಿದೆ, ನಮ್ಮ ಗುಂಪಿನಲ್ಲಿ ಹಂಚಿಕೊಂಡೆ. ಶಕವರ್ಷ ಇದ್ದರೆ 78 ಕೂಡಿಸಬೇಕು ಅಂತ ಗೊತ್ತಿತ್ತು. ಬೆಲೆ ನೋಡುವುದು ಹೊಳೆದಿರಲಿಲ್ಲ.

ಪಾಠದಮೇಷ್ಟ್ರು

ಬೆಲೆ ಒಂದೇ ಅಲ್ಲ. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಲೈಬ್ರರಿ ಸೀಲಿನ ಮೇಲೆ ತಾರೀಖು ಇರುತ್ತದೆ. ಮದುವೆ ಉಡುಗೊರೆ ಅಂತ ಬರೆದ ಶಾಯಿ ಇರುತ್ತದೆ. ಹಳೇ ಪುಸ್ತಕ ಅಂದರೆ ಸಾಕ್ಷಿಗಳ ಗಂಟು.

ಮೊಳೆಜೋಡಿಸಿದವ

ನಾನು ಓದಿದವನಲ್ಲ, ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುತ್ತಿದ್ದವನು. ಈಗ ಮಗನ ಮನೆಯಲ್ಲಿ ಇದ್ದೇನೆ, ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಸ್ಕ್ಯಾನಿನಲ್ಲಿ ಕಾಣದ್ದು ಇನ್ನೊಂದಿದೆ. ಮೊಳೆಯಲ್ಲಿ ಅಚ್ಚಾದ ಹಾಳೆಯನ್ನು ಹಿಂಬದಿಯಿಂದ ಬೆರಳಲ್ಲಿ ಸವರಿ. ಅಕ್ಷರ ಒತ್ತಿದ ಉಬ್ಬು ತಗಲುತ್ತದೆ. ಹೊಸ ಆಫ್‌ಸೆಟ್ ಪುಸ್ತಕದಲ್ಲಿ ಅದು ಇರಲ್ಲ. ಯಾರಾದರೂ ಮರುಮುದ್ರಣವನ್ನು "ಮೊದಲ ಮುದ್ರಣ" ಅಂತ ಮಾರಿದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ಕನ್ನಡ ಜೋಡಿಸುವುದು ಇಂಗ್ಲಿಷಿನಷ್ಟು ಸುಲಭ ಅಲ್ಲ ಸ್ವಾಮಿ. ಮೊಳೆ ಇಡುವ ಕೇಸಿನ ತುಂಬ ಗೂಡುಗಳು. ಒತ್ತು ಬೇರೆ ಮೊಳೆ, ಕೆಳಗೆ ಕೂರಿಸಬೇಕು. ಅಚ್ಚು ಹೊಡೆಯುವಾಗ ಒತ್ತು ಸವೆಯುತ್ತದೆ, ಮುರಿಯುತ್ತದೆ, ಒಮ್ಮೊಮ್ಮೆ ಜಾರಿಯೂ ಹೋಗುತ್ತದೆ. ಹಾಗಾಗಿ ಒಂದೇ ಪುಸ್ತಕದ ಒಂದು ಪ್ರತಿಯಲ್ಲಿ "ಅಮ್ಮ" ಇದ್ದರೆ ಇನ್ನೊಂದು ಪ್ರತಿಯಲ್ಲಿ ಅದೇ ಜಾಗದಲ್ಲಿ "ಅಮ" ಇರಬಹುದು. ಓದುವವರು ಲೇಖಕರ ತಪ್ಪು ಅಂತಾರೆ. ಲೇಖಕರದ್ದೂ ಅಲ್ಲ, ನಮ್ಮದೂ ಅಲ್ಲ. ಮೊಳೆ ಹಳತಾಗಿತ್ತು, ಮಾಲೀಕರು ಹೊಸದು ತರಿಸಲಿಲ್ಲ, ಅಷ್ಟೇ.

ಮೂರನೇಮಹಡಿ

ಯಜಮಾನ್ರೇ, ದಯವಿಟ್ಟು ಒಂದು ದಿನ ಬನ್ನಿ. ಮಕ್ಕಳಿಗೆ ಇದನ್ನೇ ತೋರಿಸಿಕೊಡಿ. ಲಿಫ್ಟ್ ಇದೆ, ಸಾಮಾನ್ಯವಾಗಿ ಕೆಲಸವೂ ಮಾಡುತ್ತದೆ.

ಕಲ್ಲಚ್ಚಿನ ಪುಸ್ತಕ ನೋಡಿದ್ದೀರಾ? ಮಂಗಳೂರಿನಲ್ಲಿ ಶುರುವಿಗೆ ಹಾಗೇ ಅಚ್ಚು ಹಾಕುತ್ತಿದ್ದರು. 1843ರ ಮಂಗಳೂರ ಸಮಾಚಾರ ಬಂದದ್ದೂ ಕಲ್ಲಚ್ಚಿನಲ್ಲೇ. ಅದರಲ್ಲಿ ಮೊಳೆ ಇಲ್ಲ, ಕೈಬರಹವೇ ಅಚ್ಚಾಗಿ ಬರುತ್ತದೆ. ಬೆರಳಿಗೆ ಉಬ್ಬು ಸಿಗುವುದಿಲ್ಲ.

ಧೂಳುಹಿಡಿದವಳು

ಇಲ್ಲಿ ಎಲ್ಲರೂ ಚಂದ ಚಂದ ಮಾತಾಡುತ್ತಿದ್ದೀರಿ. ನನ್ನ ಅನುಭವ ಬೇರೆ. ಈ ನಗರದ ಒಂದು ಸಂಸ್ಥೆಯ ಲೈಬ್ರರಿಗೆ (ಹೆಸರು ಬೇಡ) ಹಳೇ ಮಹಿಳಾ ಪತ್ರಿಕೆ ನೋಡಲು ಹೋಗಿದ್ದೆ. ಮೊದಲು ಗೈಡ್ ಪತ್ರ ತನ್ನಿ ಅಂದರು, ತಂದೆ. ಆಮೇಲೆ ಕುಲಸಚಿವರ ಸಹಿ ಅಂದರು. ಅದೂ ಆಯಿತು. ಕೊನೆಗೆ "ಕೀ ಇರುವವರು ರಜೆ" ಅಂದರು. ಆ ಬೀರು ಗಾಜಿನದು. ನನಗೆ ಬೇಕಾದ ಸಂಪುಟ ಕಣ್ಣಿಗೆ ಕಾಣುತ್ತಿತ್ತು, ಬೆನ್ನ ಮೇಲಿನ ಹೆಸರೂ ಓದಲು ಬರುತ್ತಿತ್ತು! ಕೊನೆಗೆ ಅದರ ಕೆಲವು ಸಂಚಿಕೆ ಅವೆನ್ಯೂ ರೋಡಿನ ಫುಟ್‌ಪಾತ್‌ನಲ್ಲಿ ಸಿಕ್ಕವು, ಯಾವುದೋ ಲೈಬ್ರರಿಯ ಸೀಲು ಸಮೇತ.

ಕೋಣೆ ಖಾಲಿ ಇರುವುದಕ್ಕೆ ವಿದ್ಯಾರ್ಥಿಗಳ ಹೆದರಿಕೆ ಮಾತ್ರ ಕಾರಣ ಅಲ್ಲ ಮೇಡಂ.

ಮೂರನೇಮಹಡಿ

ಒಪ್ಪುತ್ತೇನೆ. ನಮ್ಮ ಕಸುಬಿನಲ್ಲಿ ಹಳೇ ರೋಗ ಅದು. ಪುಸ್ತಕ ಕಳೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಅನ್ನುವ ಭಯ ಇರುತ್ತದೆ. ಬೀಗ ಹಾಕಿಟ್ಟರೆ ಯಾರೂ ಕೇಳಲ್ಲ. ಓದಲು ಕೊಟ್ಟು ಒಂದು ಪುಟ ಹರಿದರೆ ನೂರು ಜನ ಕೇಳುತ್ತಾರೆ.

ನಮ್ಮ ಗ್ರಂಥಾಲಯ ವಿಜ್ಞಾನದ ಹಿರಿಯರು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ "ಪುಸ್ತಕ ಇರುವುದು ಬಳಸಲು". ಅವರು ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಅನ್ನುವ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿ ಕೇಂದ್ರ ಶುರು ಮಾಡಿದರು. ಆಗಸ್ಟ್ 12 ಬಂದರೆ ಗ್ರಂಥಪಾಲಕರ ದಿನ ಅಂತ ಅವರ ಫೋಟೋಗೆ ಹಾರ ಹಾಕಿ, ಕೇಸರಿಬಾತ್ ತಿಂದು, ಮಧ್ಯಾಹ್ನ ಬೀರುಗೆ ಬೀಗ ಹಾಕುವವರೂ ನಾವೇ. ಬೇಜಾರಾಗುತ್ತದೆ.

ಸೀಲು ಇರುವ ಪುಸ್ತಕ ಫುಟ್‌ಪಾತ್‌ಗೆ ಬಂದಿದ್ದರೆ ಕದ್ದದ್ದೇ ಅಂತಲ್ಲ. ಜಾಗ ಇಲ್ಲ ಅಂತ ಹಳತನ್ನು ತೂಕಕ್ಕೆ ಹಾಕುವುದೂ ಉಂಟು. ಹಾಗೆ ತೆಗೆದುಹಾಕಿದ್ದರೆ ಸಾಮಾನ್ಯವಾಗಿ "ರದ್ದು" ಅಂತ ಮುದ್ರೆ ಇರುತ್ತದೆ, ನೋಡಿ.

ಮಾಗಡಿರೋಡ್_ಎಂಎ

ಒಂದು ಸಣ್ಣ ಡೌಟು. ಬಿಳಿ ಗ್ಲೌಸ್ ತರಬೇಕಾ? ವಿಡಿಯೋಗಳಲ್ಲಿ ಎಲ್ಲ ಹಾಕಿಕೊಂಡಿರುತ್ತಾರೆ.

ಮೂರನೇಮಹಡಿ

ಬೇಡ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬಂದರೆ ಸಾಕು. ಬಟ್ಟೆ ಗ್ಲೌಸ್ ಹಾಕಿದರೆ ಬೆರಳಿಗೆ ಹಾಳೆಯ ಅಂದಾಜೇ ಸಿಗಲ್ಲ, ಪುಡಿಯಾಗುವ ಅಂಚು ನೂಲಿಗೆ ಸಿಕ್ಕಿ ಹರಿಯುತ್ತದೆ. ಬ್ರಿಟಿಷ್ ಲೈಬ್ರರಿಯವರೂ ಇದನ್ನೇ ಹೇಳುತ್ತಾರೆ. ಹಳೇ ಫೋಟೋಗಳಿಗೆ ಮಾತ್ರ ಗ್ಲೌಸ್ ಬೇಕು, ಅದನ್ನು ನಾನು ಕೊಡುತ್ತೇನೆ.

ಇನ್ನೊಂದು ವಿಷಯ. ಬಂದವರೆಲ್ಲ ಹೆಚ್ಚು ಹಳೇ ಪುಸ್ತಕ ಹೆಚ್ಚು ನಾಜೂಕು ಅಂದುಕೊಳ್ಳುತ್ತಾರೆ. ಉಲ್ಟಾ! 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದ, ಪಾದ್ರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣದ ಕಾಲದ ಕಾಗದ ಚಿಂದಿ ಬಟ್ಟೆಯಿಂದ ಮಾಡಿದ್ದು. ಅಂಥದ್ದು ಹುಳ ಹೊಡೆಯದಿದ್ದರೆ ಈಗಲೂ ಮೆತ್ತಗೆ ಮಡಚುತ್ತದೆ. 19ನೇ ಶತಮಾನದ ನಡುವಿನ ನಂತರ ಮರದ ತಿರುಳಿನ ಕಾಗದ ಬಂತು. ಅದರಲ್ಲಿ ಆಮ್ಲ ಉಳಿದಿರುತ್ತದೆ, ತನ್ನನ್ನು ತಾನೇ ತಿನ್ನುತ್ತದೆ. ನನ್ನ ಕೋಣೆಯಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು 1940ರ ದಶಕದ ಪುಸ್ತಕಗಳು. ಯುದ್ಧದ ಕಾಲ, ಕಾಗದಕ್ಕೆ ಬರ, ಸಿಕ್ಕಿದ್ದರಲ್ಲಿ ಅಚ್ಚು ಹಾಕಿದರು. ಪುಟ ತಿರುಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅವನ್ನು "ರೇರ್" ಅಂತ ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಅರ್ಧ ಕೆಳಗಿನ ಸಾಮಾನ್ಯ ಕಪಾಟಿನಲ್ಲೇ ಇವೆ, ಜೆರಾಕ್ಸ್ ಮೆಷಿನ್ ಪಕ್ಕದಲ್ಲಿ.

ಸ್ಕ್ಯಾನ್_ಹುಡುಗ

ಇದು ನಿಜ. ನಮ್ಮ ಸ್ಕ್ಯಾನರ್ ಮೇಲೆ ಜಾಸ್ತಿ ಪುಡಿ ಉದುರಿಸುವುದು 40ರ ದಶಕದವೇ. ಹಾಗಿದ್ದರೆ ನಮ್ಮ ಸರದಿ ಬದಲಾಯಿಸಬೇಕು, ಹಳತು ಮೊದಲು ಅನ್ನುವುದು ಬಿಟ್ಟು ಸಾಯುತ್ತಿರುವುದು ಮೊದಲು ಅಂತ. ಕಾಪಿರೈಟ್ ಮಾತ್ರ ತಲೆನೋವು.

ಪಾಠದಮೇಷ್ಟ್ರು

ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ. ಬಿಎಂಶ್ರೀ 1946ರಲ್ಲಿ ಹೋದರು, ಅವರದ್ದು ಮುಕ್ತ. ಡಿವಿಜಿ 1975, ಹಾಗಾಗಿ 2035 ಮುಗಿಯುವವರೆಗೆ ಇದೆ. ಪುಸ್ತಕ ಅಚ್ಚಾದ ವರ್ಷ ನೋಡಬೇಡಿ. 1915ರ ಪುಸ್ತಕವಾದರೂ ಲೇಖಕರು 1980ರವರೆಗೆ ಬದುಕಿದ್ದರೆ ಕಾಯಲೇಬೇಕು. ಅದಕ್ಕೆ ಅಂಥ ಪುಸ್ತಕ ಓದಲು ಮೂರನೇ ಮಹಡಿಗೇ ಹತ್ತಬೇಕು, ಬೇರೆ ದಾರಿ ಇಲ್ಲ.

ತುರುವೇಕೆರೆ_ಮೊಮ್ಮಗ

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಊರಿನ ಮನೆಯ ಅಟ್ಟದಲ್ಲಿ ತಾತನ ಪೆಟ್ಟಿಗೆ ಇದೆ. ಓಲೆಗರಿ ಕಟ್ಟುಗಳು, ಕೆಂಪು ಬಟ್ಟೆಯಲ್ಲಿ ಸುತ್ತಿವೆ. ಕೆಲವಕ್ಕೆ ಹುಳ ತೂತು ಮಾಡಿದೆ. ಅಕ್ಷರ ಮಸುಕಾಗಿದೆ, ಓದಲು ಬರುತ್ತಿಲ್ಲ. ಚಿಕ್ಕಪ್ಪ ನೀರಲ್ಲಿ ಒರೆಸೋಣ ಅಂತಾರೆ. ಒಬ್ಬರು ಬಂದು ದುಡ್ಡು ಕೊಡುತ್ತೇವೆ, ಹೊರದೇಶದವರಿಗೆ ಬೇಕಾಗಿದೆ ಅಂತಲೂ ಕೇಳಿದರು. ಏನು ಮಾಡಲಿ?

ಮೂರನೇಮಹಡಿ

ಮೊದಲು ಚಿಕ್ಕಪ್ಪನವರ ಕೈಯಿಂದ ಒದ್ದೆ ಬಟ್ಟೆ ಇಸ್ಕೊಳ್ಳಿ! ನೀರು ಬೇಡವೇ ಬೇಡ.

ಓಲೆಗರಿಯ ಮೇಲೆ ಶಾಯಿಯಿಂದ ಬರೆದಿರುವುದಿಲ್ಲ. ಕಂಠ ಅನ್ನುವ ಕಬ್ಬಿಣದ ಮೊನೆಯಿಂದ ಕೊರೆದು, ಆಮೇಲೆ ಮಸಿ ಹಚ್ಚಿ ಒರೆಸಿರುತ್ತಾರೆ. ಮಸಿ ಗೀರಿನಲ್ಲಿ ಕೂರುತ್ತದೆ. ನಿಮಗೆ ಅಕ್ಷರ ಕಾಣದಿರುವುದು ಮಸಿ ಉದುರಿದ್ದಕ್ಕೆ. ಗೀರು ಹಾಗೇ ಇರುತ್ತದೆ. ಗರಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಅಕ್ಷರ ಮೇಲೆದ್ದು ಬರುತ್ತದೆ. ಹಾಗೇ ಫೋಟೋ ತೆಗೆಯಿರಿ, ಒಂದೊಂದು ಗರಿಗೂ ಎರಡೂ ಬದಿ, ಕ್ರಮ ತಪ್ಪದ ಹಾಗೆ. ದಾರ ಬಿಚ್ಚುವುದಾದರೆ ಮುಂಚೆಯೇ ಪೆನ್ಸಿಲ್‌ನಲ್ಲಿ ಚೀಟಿ ಬರೆದು ಇಟ್ಟುಕೊಳ್ಳಿ. ಗರಿಯ ಅಂಚಿನಲ್ಲಿ ಸಂಖ್ಯೆ ಇರುತ್ತದೆ, ಆದರೆ ಹುಳಕ್ಕೆ ಅಂಚೇ ಇಷ್ಟ.

ಮಸಿ, ಎಣ್ಣೆ ನೀವೇ ಹಚ್ಚಲು ಹೋಗಬೇಡಿ. ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುವ ಪದ್ಧತಿ ಇದೆ ನಿಜ. ಗೊತ್ತಿರುವವರು ಮಾಡಿದರೆ ಗರಿ ಮೆತ್ತಗಾಗುತ್ತದೆ. ಇಲ್ಲದಿದ್ದರೆ ಜಿಡ್ಡು ನಿಂತು ಧೂಳು ಹಿಡಿಯುತ್ತದೆ. ಸದ್ಯಕ್ಕೆ ಅಟ್ಟದಿಂದ ಇಳಿಸಿ, ಒಣಗಿದ ಜಾಗದಲ್ಲಿ ಹೊಸ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಜೆ ಬೇರಿನ ಪುಡಿಯನ್ನು ಸಣ್ಣ ಗಂಟು ಕಟ್ಟಿ ಪಕ್ಕದಲ್ಲಿಟ್ಟರೆ ಹುಳ ದೂರ.

ದುಡ್ಡಿನ ಮಾತು ಬಿಟ್ಟುಬಿಡಿ. 75 ವರ್ಷ ದಾಟಿದ, ಮಹತ್ವ ಇರುವ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಬರುತ್ತದೆ. ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಂದೆರಡು ಫೋಟೋ ತೋರಿಸಿ. 1891ರಿಂದ ಇರುವ ಸಂಸ್ಥೆ. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ಅಲ್ಲೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಹಸ್ತಪ್ರತಿ ವಿಭಾಗ ಇದೆ. ಕೊಡಲೇಬೇಕು ಅಂತಿಲ್ಲ. ಏನು ಬರೆದಿದೆ ಅಂತ ಮೊದಲು ಗೊತ್ತಾಗಲಿ.

ತುರುವೇಕೆರೆ_ಮೊಮ್ಮಗ

ತುಂಬಾ ಥ್ಯಾಂಕ್ಸ್ ಮೇಡಂ. ಶನಿವಾರ ಊರಿಗೆ ಹೋಗುತ್ತೇನೆ. ಚಿಕ್ಕಪ್ಪನಿಗೆ ಈಗಲೇ ಫೋನ್ ಮಾಡಿದೆ.

ಮೊಳೆಜೋಡಿಸಿದವ

ಬೈಂಡಿಂಗ್ ವಿಚಾರ ಯಾರೂ ಎತ್ತಲಿಲ್ಲ. ಹರಿದ ಪುಸ್ತಕಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ ಅಂತ ಎಲ್ಲರಿಗೂ ಹೇಳಿ ಮೇಡಂ. ಟೇಪು ಒಣಗಿ ಬೀಳುತ್ತದೆ, ಕಂದು ಅಂಟು ಹಾಳೆಯೊಳಗೆ ಇಳಿದಿರುತ್ತದೆ. ನಾವು ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಿದ್ದೆವು, ಹುಳ ಬರಬಾರದು ಅಂತ.

ಮೂರನೇಮಹಡಿ

ಈಗ ಮೈಲುತುತ್ತವನ್ನೂ ಬಿಟ್ಟಿದ್ದಾರೆ ಯಜಮಾನ್ರೇ, ಕಾಗದಕ್ಕೆ ಒಳ್ಳೆಯದಲ್ಲ ಅಂತ. ಬರೀ ಪಿಷ್ಟದ ಅಂಟು, ತೆಳ್ಳಗಿನ ಜಪಾನಿ ಟಿಶ್ಯೂ ಕಾಗದ. ಬೇಕೆಂದರೆ ನೀರಿನ ಪಸೆ ತಾಗಿಸಿ ಮತ್ತೆ ಬಿಡಿಸಬಹುದು. ಟೇಪಿನ ಮಾತು ಮಾತ್ರ ನೂರಕ್ಕೆ ನೂರು ನಿಜ. ಬಾಗಿಲಿಗೆ ಬೋರ್ಡ್ ಹಾಕುತ್ತೇನೆ.

ಸ್ಕ್ಯಾನ್_ಹುಡುಗ

ಮೇಡಂ, ಜಗಳ ಆಡಿದ ಮೇಲೆ ಒಂದು ಸಹಾಯ ಕೇಳುತ್ತೇನೆ. ನಮ್ಮ ಹತ್ತಿರ ಮೈಸೂರು ಸಂಸ್ಥಾನದ ಕಾಲದ ಒಂದು ಶಾಲಾ ಗಣಿತ ಪುಸ್ತಕ ಇದೆ. ಸೇರು, ಕೊಳಗ, ಖಂಡುಗದ ಲೆಕ್ಕಗಳಿರುವುದು. ಪುಟ 33ರಿಂದ 40 ಇಲ್ಲ, ಒಂದು ಫಾರಂನ (ಒಟ್ಟಿಗೆ ಅಚ್ಚಾಗಿ ಮಡಚಿದ 16 ಪುಟ) ಅರ್ಧ ಪೂರ್ತಿ ಹೋಗಿದೆ. ಮುಖಪುಟದ ಫೋಟೋ ಮೆಸೇಜ್ ಮಾಡಿದ್ದೇನೆ. ನಿಮ್ಮಲ್ಲಿ ಇದೆಯಾ?

ಮೂರನೇಮಹಡಿ

ನೋಡಿದೆ, ಇದೆ. ಕ್ಯಾಟಲಾಗಿನಲ್ಲಿ ಇರಲಿಲ್ಲ, ರಿಜಿಸ್ಟರ್‌ನಲ್ಲಿ ಸಿಕ್ಕಿತು. ಪುಟ 33ರಿಂದ 36 ಚೆನ್ನಾಗಿದೆ. 37ರ ಕೆಳಗಿನ ಮೂಲೆ ಹರಿದಿದೆ, ಎರಡು ಲೆಕ್ಕದ ಉತ್ತರ ಇಲ್ಲ. ಯಾವ ಹುಡುಗ ಕಿತ್ತುಕೊಂಡು ಹೋದನೋ! 39, 40 ಇವೆ. ಮಂಗಳವಾರ ಹನ್ನೊಂದರ ನಂತರ ಕ್ಯಾಮೆರಾ ತಗೊಂಡು ಬನ್ನಿ. ಐಡಿ ಕಾರ್ಡ್ ಇಲ್ಲದಿದ್ದರೆ ಆಧಾರ್ ಆಗುತ್ತದೆ, ಗೇಟಿನಲ್ಲಿ ನನ್ನ ಹೆಸರು ಹೇಳಿ. 37ಕ್ಕೆ ಇನ್ನೊಂದು ಪ್ರತಿ ಸಾಹಿತ್ಯ ಪರಿಷತ್ತಿನಲ್ಲಿ ವಿಚಾರಿಸಿ ನೋಡಿ.

ಮಾಗಡಿರೋಡ್_ಎಂಎ

ಮಂಗಳವಾರ ನಾನೂ ಬರಬಹುದಾ ಮೇಡಂ? ಆ ಲೆಕ್ಕ ನಾನೇ ಬಿಡಿಸಿ ಉತ್ತರ ಕೊಡುತ್ತೇನೆ. ನಮ್ಮಜ್ಜಿಗೆ ಕೊಳಗದ ಲೆಕ್ಕ ಬರುತ್ತದೆ.

ಸ್ಕ್ಯಾನ್_ಹುಡುಗ

ಅಜ್ಜಿಯನ್ನೂ ಕರ್ಕೊಂಡು ಬನ್ನಿ.